ಪರದೆ ನೋಡಿರಿ, ಆಮೇಲೆ ಒತ್ತಿಸಿರಿ

ಬ್ಯಾಂಕು, ತಹಸೀಲ್ ಕಚೇರಿ, ರೇಷನ್ ಅಂಗಡಿ, ಎಲ್ಲಿ ಹೋದರೂ ಈಗ ಯಂತ್ರದ ಮೇಲೆ ಕೆಲಸ. ಜತ್ತ, ಅಕ್ಕಲಕೋಟ ಭಾಗದ ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ. ಕಚೇರಿಯ ಕಾಗದ ಮರಾಠಿಯಲ್ಲಿ ಇರುತ್ತದೆ. ಕಂಪ್ಯೂಟರಿನ ಶಬ್ದಗಳು ಇಂಗ್ಲಿಷಿನವು. ಹೆದರಬೇಡಿರಿ. ಕೆಲವು ಶಬ್ದ ತಿಳಿದರೆ ಸಾಕು. ನಮ್ಮ ಕೆಲಸ ಸರಿಯಾಗಿ ನಡೆದಿದೆಯೇ ಎಂದು ನಾವೇ ನೋಡಿಕೊಳ್ಳಬಹುದು.

ಕಂಪ್ಯೂಟರಿಗೆ ಕನ್ನಡದಲ್ಲಿ ಗಣಕಯಂತ್ರ ಎನ್ನುತ್ತಾರೆ. ಮರಾಠಿಯಲ್ಲಿ ಸಂಗಣಕ.

ಭಾಗಗಳ ಹೆಸರು

ಮಾನಿಟರ್: ಟಿ.ವಿ.ಯಂತೆ ಕಾಣುವ ಭಾಗ. ಅಕ್ಷರ ಮೂಡುವ ಜಾಗಕ್ಕೆ ಪರದೆ ಅಥವಾ ಸ್ಕ್ರೀನ್ ಎನ್ನುತ್ತಾರೆ.

ಕೀಬೋರ್ಡ್: ಅಕ್ಷರ, ಅಂಕಿ ಒತ್ತುವ ಗುಂಡಿಗಳ ಹಲಗೆ. ಕನ್ನಡದಲ್ಲಿ ಕೀಲಿಮಣೆ.

ಮೌಸ್: ಅಂಗೈಯಲ್ಲಿ ಹಿಡಿಯುವ ಸಾಧನ. ಮೌಸ್ ಅಂದರೆ ಇಲಿ. ಇದನ್ನು ಸರಿಸಿದರೆ ಪರದೆಯ ಮೇಲಿನ ಬಾಣ ಸರಿಯುತ್ತದೆ. ಇದರ ಗುಂಡಿ ಒತ್ತುವುದೇ ಕ್ಲಿಕ್.

ಸಿ.ಪಿ.ಯು.: ಲೆಕ್ಕ ಮಾಡುವ ಭಾಗ. ಪೆಟ್ಟಿಗೆಯ ಒಳಗೆ ಇರುತ್ತದೆ. ಜನ ಇಡೀ ಪೆಟ್ಟಿಗೆಗೇ ಸಿ.ಪಿ.ಯು. ಎನ್ನುತ್ತಾರೆ.

ಸ್ಕ್ಯಾನರ್: ಕಾಗದದ ಚಿತ್ರ ತೆಗೆದು ಕಂಪ್ಯೂಟರಿಗೆ ಕೊಡುತ್ತದೆ.

ಪ್ರಿಂಟರ್: ಕಂಪ್ಯೂಟರಿನಲ್ಲಿ ಇದ್ದುದನ್ನು ಕಾಗದದ ಮೇಲೆ ಅಚ್ಚು ಮಾಡುತ್ತದೆ.

ಕೆಲಸದ ಶಬ್ದಗಳು

ಫೈಲ್: ಕಂಪ್ಯೂಟರಿನ ಒಳಗೆ ಹೆಸರು ಕೊಟ್ಟು ಇಟ್ಟ ಬರಹ ಅಥವಾ ಚಿತ್ರ.

ಫೋಲ್ಡರ್: ಫೈಲುಗಳನ್ನು ಕೂಡಿಸಿ ಇಡುವ ಜಾಗ. ನಾವು ಕಾಗದಪತ್ರ ಒಂದೇ ಚೀಲದಲ್ಲಿ ಇಡುವ ಹಾಗೆ.

ಸೇವ್: ಬರೆದದ್ದನ್ನು ಜೋಪಾನ ಮಾಡುವುದು. ಸೇವ್ ಮಾಡುವ ಮೊದಲು ಕರೆಂಟ್ ಹೋದರೆ ಬರೆದದ್ದು ಅಳಿದು ಹೋಗಬಹುದು.

ಸಬ್ಮಿಟ್: ಅರ್ಜಿಯನ್ನು ಕಚೇರಿಗೆ ಒಪ್ಪಿಸುವುದು.

ಮಾತುಕತೆ

ಅತ್ತೆಗೆ ಗಂಡ ಇಲ್ಲ. ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ ಅರ್ಜಿ ಹಾಕಬೇಕು. ಸೊಸೆಯ ಜೊತೆ ಸೇವಾ ಕೇಂದ್ರಕ್ಕೆ ಬಂದಿದ್ದಾಳೆ.

ಆಪರೇಟರ್: ಎಲ್ಲಾ ತುಂಬೀನ್ರಿ ಕಾಕು. ಸಬ್ಮಿಟ್ ಮಾಡಲೇನ್ರಿ?

ಅತ್ತೆ: ತಡಿ ತಮ್ಮಾ. ಮಾನಿಟರ್ ಸ್ವಲ್ಪ ಈ ಕಡೆ ತಿರುಗಿಸು.

ಆಪರೇಟರ್: ಮರಾಠಿ ಐತ್ರಿ. ನಿಮಗ ಓದಾಕ ಬರ್ತೈತೇನ್ರಿ?

ಅತ್ತೆ: ಮರಾಠಿ ಅಕ್ಷರ ಬರಂಗಿಲ್ಲ. ಅಂಕಿ ಬರ್ತಾವು. ಹೆಸರು ಸೊಸಿ ಓದ್ತಾಳ. ಖಾತೆ ನಂಬರ್ ನಾ ನೋಡ್ತೀನಿ.

(ಅತ್ತೆ ಪಾಸ್‌ಬುಕ್ ತೆರೆದಳು. ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು.)

ಅತ್ತೆ: ನನ್ನ ಬುಕ್ಕಿನಾಗ ಕಡೀಕ 47 ಐತಿ. ನೀ 74 ಹೊಡದೀಯಲ್ಲೋ!

ಆಪರೇಟರ್: ಹೌದ್ರಿ ಕಾಕು, ಉಲ್ಟಾ ಆಗೈತಿ. ಈಗ ತಿದ್ದತೀನಿ.

ಸೊಸೆ: ಅತ್ತಿ, ಹೆಸರು ಆಧಾರದಾಗ ಇದ್ದಂಗ ಐತ್ರಿ.

ಅತ್ತೆ: ಹಂಗಾರ ಒತ್ತಪಾ. ಅರ್ಜಿ ನಂಬರ್ ಇರೂ ಪಾವತಿ ಪ್ರಿಂಟ್ ತೆಗೆದು ಕೊಡು.

ಎರಡು ಅಂಕಿ ಅದಲುಬದಲು ಆಗಿದ್ದವು. ಹಾಗೇ ಒತ್ತಿದ್ದರೆ ಅತ್ತೆ ತಿಂಗಳುಗಟ್ಟಲೆ ಕಚೇರಿಗೆ ತಿರುಗಬೇಕಾಗುತ್ತಿತ್ತು. ಕಂಪ್ಯೂಟರ್ ತಾನಾಗಿ ನಮ್ಮ ಹೆಸರು ಅರಿಯದು. ಕೈ ಒತ್ತಿದ್ದನ್ನೇ ಅದು ಬರೆಯುತ್ತದೆ. ಅದಕ್ಕೇ ಕಣ್ಣು ನಮ್ಮದಿರಬೇಕು.

ನೆನಪಿಡಿರಿ

1. ಸಬ್ಮಿಟ್ ಮಾಡುವ ಮೊದಲು ಹೆಸರು, ಹುಟ್ಟಿದ ತಾರೀಖು, ಖಾತೆ ನಂಬರ್ ನೋಡಿರಿ. ಓದಲು ಬಾರದಿದ್ದರೆ ಓದಿಸಿ ಕೇಳಿರಿ.

2. ಮೊಬೈಲಿಗೆ ಬರುವ ಗುಟ್ಟಿನ ಅಂಕಿಗೆ ಓ.ಟಿ.ಪಿ. ಎನ್ನುತ್ತಾರೆ. ಅದು ಮನೆಯ ಕೀಲಿಕೈ ಇದ್ದ ಹಾಗೆ. ಫೋನ್ ಮಾಡಿ ಕೇಳಿದವರಿಗೆ ಹೇಳಲೇಬೇಡಿರಿ. ಬ್ಯಾಂಕಿನವರು ಎಂದರೂ ಹೇಳಬೇಡಿರಿ.

3. ಬೆರಳು ಒತ್ತುವ ಮೊದಲು, "ಇದು ಯಾವುದಕ್ಕೆ?" ಎಂದು ಕೇಳಿರಿ. ಹಣ ತೆಗೆಯಲು ಒತ್ತಿದ್ದರೆ ಪಾವತಿ ಪಡೆಯಿರಿ.

ಅಭ್ಯಾಸ

ಅ) ಬಿಟ್ಟ ಸ್ಥಳ ತುಂಬಿರಿ.
1. ಅಕ್ಷರ ಒತ್ತುವ ಹಲಗೆಗೆ ______ ಎನ್ನುತ್ತಾರೆ.
2. ಬರೆದದ್ದನ್ನು ಜೋಪಾನ ಮಾಡುವುದಕ್ಕೆ ______ ಎನ್ನುತ್ತಾರೆ.

ಆ) ಉತ್ತರ ಹೇಳಿರಿ. ಅತ್ತೆಗೆ ಮರಾಠಿ ಬಾರದು. ಆದರೂ ತಪ್ಪು ಹೇಗೆ ಹಿಡಿದಳು?

ಇ) ಮನೆಯಲ್ಲಿ ಮಾಡಿರಿ. ನಿಮ್ಮ ಪಾಸ್‌ಬುಕ್ ನೋಡಿ ಖಾತೆ ನಂಬರ್ ಒಂದು ಚೀಟಿಯಲ್ಲಿ ಬರೆಯಿರಿ. ಒಂದೊಂದೇ ಅಂಕಿ ತಾಳೆ ನೋಡಿರಿ. ಆಮೇಲೆ ಚೀಟಿ ಹರಿದು ಹಾಕಿರಿ.