ಮನೆಯೊಳಗಿನ ಮಾತು: ‘ಹಮ್ ಲೋಗ್’ ಕುಟುಂಬ ಕಲಿಸುವ ಪಾಠ

ಕುಟುಂಬ ಕಲ್ಯಾಣವೆಂದೊಡನೆ ಅನೇಕರ ಮನಸ್ಸಿಗೆ ಬರುವುದು ಗುಳಿಗೆ, ವಂಕಿ ಮತ್ತು ಶಸ್ತ್ರಚಿಕಿತ್ಸೆ. ಇವೆಲ್ಲಕ್ಕೂ ಮೊದಲು ಬೇಕಾದ ಸಾಧನವೊಂದಿದೆ. ಅದು ಗಂಡ ಹೆಂಡಿರು ತಮ್ಮೊಳಗೆ ಬಿಚ್ಚುಮನಸ್ಸಿನಿಂದ ಆಡುವ ಮಾತು. ಮಾತಿಲ್ಲದ ಮನೆಯಲ್ಲಿ ಏನಾಗುತ್ತದೆಂಬುದನ್ನು ಅರಿಯಲು ನೆರೆಮನೆಯನ್ನು ಇಣುಕಿ ನೋಡಬೇಕಾಗಿಲ್ಲ. ಹಿಂದೊಮ್ಮೆ ದೂರದರ್ಶನದಲ್ಲಿ ದೇಶದ ಜನ ಕಂಡ ಒಂದು ಕಲ್ಪಿತ ಕುಟುಂಬವನ್ನು ಪರಿಶೀಲಿಸಿದರೆ ಸಾಕು.

ಬಸೇಸರ್ ರಾಮನ ಮನೆ

1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿ ಆರಂಭವಾಗಿ 1985ರ ಡಿಸೆಂಬರ್‌ವರೆಗೆ ನಡೆಯಿತು. ‘ನಾವು’ ಎಂಬುದೇ ಆ ಹೆಸರಿನ ಅರ್ಥ. ಕುಟುಂಬ ಯೋಜನೆಯ ತಿಳುವಳಿಕೆಯನ್ನು ಕಥೆಯ ಮೂಲಕ ಜನರಿಗೆ ಮುಟ್ಟಿಸಿದ ಮೆಕ್ಸಿಕೋ ದೇಶದ ಧಾರಾವಾಹಿಗಳು ಇದಕ್ಕೆ ಪ್ರೇರಣೆಯಾಗಿದ್ದವು. ಕಥೆಯನ್ನು ಬರೆದವರು ಮನೋಹರ ಶ್ಯಾಮ ಜೋಶಿ. ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ಚಿತ್ರನಟ ಅಶೋಕ್ ಕುಮಾರ್ ಕಾಣಿಸಿಕೊಂಡು, ಕಥೆಯ ತಿರುಳನ್ನು ತಿಳಿಸಿ ವೀಕ್ಷಕರನ್ನು ಯೋಚನೆಗೆ ಹಚ್ಚುತ್ತಿದ್ದರು.

ಅದು ಉತ್ತರ ಭಾರತದ ಕೆಳಮಧ್ಯಮ ವರ್ಗದ ಸಂಸಾರ. ಯಜಮಾನ ಬಸೇಸರ್ ರಾಮ್ ಕುಡಿತಕ್ಕೆ ದಾಸನಾದವನು. ಹೆಂಡತಿ ಭಾಗವಂತಿ ಹಗಲಿರುಳು ದುಡಿದು, ಗಂಡನ ಗದರಿಕೆಯನ್ನೂ ಅತ್ತೆಯ ಆಕ್ಷೇಪಣೆಯನ್ನೂ ಮರುಮಾತಿಲ್ಲದೆ ಸಹಿಸುವವಳು. ಮಕ್ಕಳು ಐವರು. ಹಿರಿಯ ಮಗ ಲಲ್ಲುವಿಗೆ ಕೆಲಸವಿಲ್ಲ. ಮಝಲಿಗೆ ಚಿತ್ರನಟಿಯಾಗುವ ಹಂಬಲ. ಕಿರಿಯವಳಾದ ಛುಟಕಿಗೆ ವೈದ್ಯೆಯಾಗುವ ಆಸೆ.

ಮಾತಿನ ಐದು ರೀತಿಗಳು

ಅಮೆರಿಕದ ಕುಟುಂಬ ಚಿಕಿತ್ಸಾ ತಜ್ಞೆ ವರ್ಜೀನಿಯಾ ಸಟೀರ್ ಅವರು ಮನೆಮಂದಿ ಮನಸ್ಸಿಗೆ ಕಷ್ಟವಾದಾಗ ಮಾತನಾಡುವ ಬಗೆಯನ್ನು ಐದಾಗಿ ವಿಂಗಡಿಸಿದ್ದಾರೆ.

1. ದೂಷಿಸುವುದು: “ಎಲ್ಲಾ ನಿನ್ನಿಂದಲೇ ಆದದ್ದು.”
2. ಓಲೈಸುವುದು: “ನಿಮಗೆ ಹೇಗೆ ಸರಿಯೋ ಹಾಗೆ. ನನ್ನದೇನಿದೆ?”
3. ಒಣ ಲೆಕ್ಕ ಹೇಳುವುದು: ಎದುರಿನವರ ಅಳಲನ್ನು ಕೇಳದೆ ಬರಿಯ ನ್ಯಾಯ ನೀತಿಯನ್ನು ಬೋಧಿಸುವುದು.
4. ಮಾತು ತಿರುಗಿಸುವುದು: “ಅದು ಹಾಗಿರಲಿ, ಎಮ್ಮೆಗೆ ನೀರಿಟ್ಟೆಯಾ?”
5. ನೇರವಾಗಿ ಆಡುವುದು: ಮನಸ್ಸಿನಲ್ಲಿರುವುದನ್ನು ಎದುರಿನವರಿಗೆ ನೋವಾಗದಂತೆ, ಮುಚ್ಚುಮರೆಯಿಲ್ಲದೆ ಹೇಳುವುದು.

ಮೊದಲ ನಾಲ್ಕರಿಂದ ಸಮಸ್ಯೆ ಬಗೆಹರಿಯದು, ಐದನೆಯದೊಂದೇ ಆರೋಗ್ಯಕರವಾದುದು. ಬಸೇಸರ್ ರಾಮ್ ದೂಷಿಸುವವನು, ಭಾಗವಂತಿ ಓಲೈಸುವವಳು. ಅವನು ಗದರಿದಷ್ಟೂ ಅವಳು ತಗ್ಗುತ್ತಾಳೆ. ಅವಳು ತಗ್ಗಿದಷ್ಟೂ ಅವನ ಗದರಿಕೆ ಹೆಚ್ಚುತ್ತದೆ. ಗಾಣದ ಎತ್ತಿನಂತೆ ಇಬ್ಬರೂ ಒಂದೇ ಸುತ್ತಿನಲ್ಲಿ ತಿರುಗುತ್ತಾರೆ. ಇದರ ಫಲವನ್ನು ಉಣ್ಣುವವರು ಮಕ್ಕಳು. ಮನೆಯಲ್ಲಿ ಮನಸ್ಸು ಬಿಚ್ಚಿ ಕೇಳುವವರಿಲ್ಲದಾಗ ಹರೆಯದವರು ಹೊರಗಿನವರ ಬಣ್ಣದ ಮಾತಿಗೆ ಕಿವಿಗೊಡುತ್ತಾರೆ. ಥಳುಕಿನ ಬೆನ್ನುಹತ್ತಿ ನೊಂದ ಮಝಲಿಯ ಕಥೆಯನ್ನು ಈ ದೃಷ್ಟಿಯಿಂದಲೂ ನೋಡಬಹುದು.

ಮೌನವು ಸಮ್ಮತಿಯೇ?

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೆಣ್ಣು ಹೀಗೆ ಬಾಯಿಮುಚ್ಚಿ ಬಾಳಬಾರದೆಂದು ತೋರಿಸುವುದಕ್ಕಾಗಿಯೇ ಭಾಗವಂತಿಯ ಪಾತ್ರವನ್ನು ರಚಿಸಲಾಗಿತ್ತು. ಆದರೆ ವೀಕ್ಷಕರಲ್ಲಿ ಅನೇಕರು ಅವಳನ್ನೇ ಆದರ್ಶ ಗೃಹಿಣಿಯೆಂದು ಮೆಚ್ಚಿಕೊಂಡರೆಂಬುದನ್ನು ಈ ಧಾರಾವಾಹಿಯ ಬಗ್ಗೆ ಅಧ್ಯಯನ ನಡೆಸಿದವರು ದಾಖಲಿಸಿದ್ದಾರೆ.

ನಾವೂ ಹೀಗೆಯೇ ಅಲ್ಲವೇ? ‘ತಾಳಿದವನು ಬಾಳಿಯಾನು’ ಎನ್ನುತ್ತೇವೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದೂ ಹೇಳುತ್ತೇವೆ. ತಾಳ್ಮೆ ದೊಡ್ಡ ಗುಣವೆಂಬುದು ನಿಜ. ಆದರೆ ದೇಹದ ವಿಷಯದಲ್ಲಿ ಮೌನವನ್ನು ಸಮ್ಮತಿಯೆಂದು ತಿಳಿಯುವುದು ಅಪಾಯಕರ. ಆರೋಗ್ಯ ಕೇಂದ್ರದಲ್ಲಿ ನಾವು ಇದನ್ನು ಕಾಣುತ್ತಲೇ ಇರುತ್ತೇವೆ. ರಕ್ತಹೀನತೆಯಿಂದ ಬಳಲುವ, ಮೊದಲ ಮಗು ಇನ್ನೂ ಎದೆಹಾಲು ಬಿಡದಿರುವಾಗಲೇ ಮತ್ತೆ ಬಸುರಾದ ತಾಯಿಯನ್ನು ಕೇಳಿದರೆ, “ಯಜಮಾನರು ಏನನ್ನುತ್ತಾರೋ” ಎಂಬ ಉತ್ತರ ಬರುತ್ತದೆ. ಗಂಡನನ್ನು ಕೇಳಿದರೆ, “ಅವಳೇನೂ ಹೇಳಲಿಲ್ಲ ಡಾಕ್ಟ್ರೇ” ಎನ್ನುತ್ತಾನೆ. ಇಬ್ಬರೂ ಬಯಸದಿದ್ದ ಬಸಿರು, ಇಬ್ಬರೂ ಮಾತನಾಡದಿದ್ದುದರಿಂದಲೇ ಉಂಟಾಗಿರುತ್ತದೆ. ಒಂದು ಹೆರಿಗೆಗೂ ಮತ್ತೊಂದಕ್ಕೂ ಕನಿಷ್ಠ 3 ವರ್ಷಗಳ ಅಂತರವಿದ್ದರೆ ತಾಯಿಯ ಶರೀರ ಚೇತರಿಸಿಕೊಳ್ಳುತ್ತದೆ. ಮಗುವಿಗೂ ಪೋಷಣೆ ದೊರೆಯುತ್ತದೆ.

ಮಾತನಾಡುವುದು ಹೇಗೆ?

ಸಮಯವನ್ನು ಆರಿಸಿಕೊಳ್ಳಿ. ದಣಿದು ಬಂದ ಘಳಿಗೆಯಲ್ಲಿ, ಕುಡಿದಿರುವಾಗ, ನಾಲ್ಕು ಜನರ ಎದುರಿನಲ್ಲಿ ಈ ವಿಷಯ ಬೇಡ. ಊಟ ಮುಗಿದು ಮಕ್ಕಳು ಮಲಗಿದ ಮೇಲೆ, ಅಥವಾ ಹೊಲದ ಹಾದಿಯಲ್ಲಿ ಇಬ್ಬರೇ ನಡೆಯುವಾಗ ಆಗಬಹುದು.

ನಿಮ್ಮ ಅನುಭವದಿಂದ ಆರಂಭಿಸಿ. “ನಿಮಗೆ ನನ್ನ ಮೇಲೆ ಕನಿಕರವೇ ಇಲ್ಲ” ಎಂದರೆ ಅದು ದೂಷಣೆ. “ಏನೂಂದ್ರೆ, ಹೋದ ಹೆರಿಗೆಯಿಂದ ಈಚೆಗೆ ನನಗೆ ನಿಶ್ಶಕ್ತಿ. ಇನ್ನು ಮೂರು ವರ್ಷ ಮಗು ಬೇಡ ಅನಿಸುತ್ತದೆ. ನಿಮಗೇನು ಅನಿಸುತ್ತದೆ?” ಎಂದರೆ ಅದು ನೇರವಾದ ಮಾತು. ಗಂಡನಾದವನು ತಾನೇ ಮುಂದಾಗಿ, “ನಿನ್ನ ಮನಸ್ಸಿನಲ್ಲಿ ಏನಿದೆ, ಹೇಳು, ನಾನು ಕೋಪಿಸಿಕೊಳ್ಳುವುದಿಲ್ಲ” ಎಂದು ಕೇಳುವುದು ಇನ್ನೂ ಉತ್ತಮ. ಉತ್ತರ ಬರುವವರೆಗೆ ನಡುವೆ ಬಾಯಿ ಹಾಕದಿರಲಿ.

ಹಿರಿಯರನ್ನು ಕಡೆಗಣಿಸಬೇಡಿ. ಮೊದಲು ನೀವಿಬ್ಬರೂ ಒಮ್ಮತಕ್ಕೆ ಬನ್ನಿ. ಬಳಿಕ ಅತ್ತೆ ಮಾವಂದಿರಿಗೆ ಗಂಡನೇ ತಿಳಿಸಲಿ. ಆ ಹೊರೆಯನ್ನು ಸೊಸೆಯ ಮೇಲೆ ಹೊರಿಸಬಾರದು.

ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ಬನ್ನಿ. ನಿರೋಧ್, ಮಾಲಾ-ಎನ್ ಗುಳಿಗೆ, ವಾರದ ಛಾಯಾ ಗುಳಿಗೆ, 3 ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು, ವಂಕಿ ಇವುಗಳಲ್ಲಿ ನಿಮಗೆ ಒಪ್ಪುವುದನ್ನು ಪರೀಕ್ಷಿಸಿ ತಿಳಿಸಲಾಗುವುದು. ಮಕ್ಕಳು ಸಾಕೆಂದು ನಿರ್ಧರಿಸಿದವರಿಗೆ ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದ್ದಕ್ಕಿಂತ ಸರಳವಾದುದು. ಅದರಿಂದ ದುಡಿಯುವ ಶಕ್ತಿಯಾಗಲಿ ಗಂಡಸುತನವಾಗಲಿ ಕುಂದುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ 3 ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಮರೆಯಬಾರದು.

ಒಂದು ಎಚ್ಚರಿಕೆ

ಹೊಡೆತ ಬಡಿತವಿರುವ ಮನೆಯಲ್ಲಿ ‘ನೇರವಾಗಿ ಮಾತನಾಡಿ’ ಎಂಬ ಉಪದೇಶವೊಂದೇ ಸಾಲದು. ಅಂಥ ಸೋದರಿಯರು ಮೊದಲು ಆಶಾ ಕಾರ್ಯಕರ್ತೆಗೋ ನಂಬಿಕೆಯ ಹಿರಿಯರಿಗೋ ತಿಳಿಸಲಿ; 181 ಮಹಿಳಾ ಸಹಾಯವಾಣಿಗೆ ಕರೆ ಮಾಡಲಿ. ಸರ್ಕಾರದ ನಿಯಮದಂತೆ ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆಗೂ ಸಂಗಾತಿಯ ಸಹಿ ಕಡ್ಡಾಯವಲ್ಲ. ಸಮಾಲೋಚಿಸಿ ನಿರ್ಧರಿಸುವುದು ಶ್ರೇಯಸ್ಕರ. ಆದರೆ ಶರೀರದ ಮೇಲಿನ ಕೊನೆಯ ಮಾತು ಆ ಶರೀರವುಳ್ಳವರದೇ.

‘ಹಮ್ ಲೋಗ್’ ತನ್ನ ಆರಂಭದ ಕಂತುಗಳಲ್ಲಿ ಕುಟುಂಬ ಯೋಜನೆಯನ್ನು ನೇರವಾಗಿ ಬೋಧಿಸಿದಾಗ ವೀಕ್ಷಕರಿಗೆ ರುಚಿಸಲಿಲ್ಲ. ಆ ಬೋಧನೆಯನ್ನು ಮುಂದೆ ಕಡಿಮೆ ಮಾಡಬೇಕಾಯಿತು. ಹೊರಗಿನವರ ಬೋಧನೆಗೆ ಇರುವ ಮಿತಿಯೇ ಅಷ್ಟು. ಈ ಪುಸ್ತಿಕೆಗೂ ಅದೇ ಮಿತಿಯುಂಟು. ಇದನ್ನು ಓದಿದವರು ಓದು ಬಾರದ ಸಂಗಾತಿಗೆ ಓದಿ ಹೇಳಿ, ಕೆಳಗಿನ ಪ್ರಶ್ನೆಗಳನ್ನು ಪರಸ್ಪರ ಕೇಳಿಕೊಂಡರೆ ಮಾತ್ರ ಇದರ ಉದ್ದೇಶ ಸಾರ್ಥಕವಾದೀತು.

ಯೋಚಿಸಿ ನೋಡಿ

1. ಐದು ರೀತಿಗಳಲ್ಲಿ ನಿಮ್ಮ ಮಾತು ಹೆಚ್ಚಾಗಿ ಯಾವ ರೀತಿಯದು?
2. ಮುಂದಿನ ಮಗು ಯಾವಾಗ ಬೇಕು, ಅಥವಾ ಬೇಡ, ಎಂಬುದನ್ನು ನಿಮ್ಮ ಸಂಗಾತಿಯ ಬಾಯಿಂದಲೇ ಕೇಳಿದ್ದೀರಾ?
3. ನಿಮ್ಮ ಮಗಳು ತನ್ನ ಆಸೆಯನ್ನು ಅಂಜದೆ ಹೇಳಿಕೊಳ್ಳುವಂತೆ ನಿಮ್ಮ ಮನೆ ಇದೆಯೇ?