ಮೈಮೇಲಿನ ಮಚ್ಚೆ: ನೋಡಿ ತಿಳಿಯುವ ಬಗೆ



ಅಡಿಕೆ ಗರಿ ಹಳದಿ ತಿರುಗಿದರೆ, ಕಾಫಿ ಎಲೆಯ ತಳಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ನಾವು ಅಂದೇ ವಿಚಾರಿಸುತ್ತೇವೆ. ನಮ್ಮ ಮೈಮೇಲೆ ಮಚ್ಚೆ ಎದ್ದರೆ ಮಾತ್ರ ಅಂಗಿಯ ತೋಳು ಇಳಿಬಿಟ್ಟು ವರ್ಷಗಟ್ಟಲೆ ಮುಚ್ಚಿಡುತ್ತೇವೆ. ಗುಬ್ಬಿ, ಕುಣಿಗಲ್ ಕಡೆಯ ತೋಟದವರು ಸಾಮಾನ್ಯವಾಗಿ ಕಾಣುವ ಐದು ಬಗೆಗಳನ್ನು ಇಲ್ಲಿ ತಿಳಿಸಿದ್ದೇವೆ.

1. ಚೊಗರಿನ ಕಲೆ: ಹಸಿ ಅಡಿಕೆ ಸುಲಿದವರ ಬೆರಳು, ಅಂಗೈ ಕಪ್ಪಾಗುತ್ತವೆ. ಇದು ರೋಗವಲ್ಲ. ಕೆಲಸ ನಿಂತ ಮೇಲೆ ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ.

2. ಕಾಂಗ್ರೆಸ್ ಕಳೆಯ ಉರಿ: ಪಾರ್ಥೇನಿಯಂ ಗಿಡ ಸೋಕಿ ಕೆಲವರಿಗೆ ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ವಿಪರೀತ ತುರಿಸುತ್ತವೆ. ದಿನ ಕಳೆದಂತೆ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಒಮ್ಮೆ ಒಗ್ಗದವರು ಆ ಗಿಡವನ್ನು ಬರಿಗೈಯಲ್ಲಿ ಕೀಳಬಾರದು.

3. ಹುಳುಕಡ್ಡಿ: ಉಂಗುರದಂತೆ ಹರಡುತ್ತದೆ. ಅಂಚು ಕೆಂಪು, ನಡುಭಾಗ ತಿಳಿ, ತುರಿಕೆ ಬಹಳ. ಒದ್ದೆ ಬಟ್ಟೆಯಲ್ಲಿ ದುಡಿಯುವವರಿಗೆ ತೊಡೆಸಂದಿಯಲ್ಲಿ ಹೆಚ್ಚು. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗಿದಂತೆ ಕಂಡರೂ ರೋಗ ಹಬ್ಬುತ್ತದೆ.

4. ತೊನ್ನು: ಹಾಲಿನಂಥ ಬಿಳುಪು. ಮುಟ್ಟಿದ್ದು ತಿಳಿಯುತ್ತದೆ. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ.

5. ಕುಷ್ಠ: ತಿಳಿ ಬಿಳಿ ಅಥವಾ ತಾಮ್ರವರ್ಣದ ಮಚ್ಚೆ. ಸಾಮಾನ್ಯವಾಗಿ ತುರಿಕೆಯಿಲ್ಲ, ನೋವಿಲ್ಲ. ಅಲ್ಲಿ ಬೆವರು ಕಡಿಮೆಯಾಗಿ ರೋಮ ಉದುರಬಹುದು. ನೋವಿಲ್ಲದ್ದರಿಂದಲೇ ಜನ ಅಲಕ್ಷ್ಯ ಮಾಡುತ್ತಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮೊದಲು ಒಳ್ಳೆಯ ಚರ್ಮವನ್ನೂ ಆಮೇಲೆ ಮಚ್ಚೆಯನ್ನೂ ಸೋಕಿಸಿ, ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ. ಮಚ್ಚೆಯ ಮೇಲೆ ಸೋಕಿದ್ದು ತಿಳಿಯದಿದ್ದರೆ ಕುಷ್ಠದ ಸಂದೇಹ ಬಲವಾಗುತ್ತದೆ. ತಿಳಿದರೂ ನಿಶ್ಚಿಂತೆ ಬೇಡ. ಕುಷ್ಠದ ಎಲ್ಲ ಮಚ್ಚೆಗಳೂ ಮರಗಟ್ಟುವುದಿಲ್ಲ. ಮಚ್ಚೆ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ತಡಮಾಡಿದರೆ ನಷ್ಟವೇನು? ನರ ಕೆಟ್ಟ ಕೈಗೆ ಸುಲಿಯುವ ಕತ್ತಿ ತಗುಲಿದ್ದು, ಅಡಿಕೆ ಬೇಯಿಸುವ ಹಂಡೆಯ ಬಿಸಿ ತಾಗಿದ್ದು ತಿಳಿಯುವುದಿಲ್ಲ. ಗಾಯ ಹುಣ್ಣಾಗಿ, ಬೆರಳು ಸೊಟ್ಟಗಾಗಿ, ಅನ್ನ ಸಂಪಾದಿಸುವ ಕೈಯೇ ಸೋಲುತ್ತದೆ.

ಇದು ಪಾಪದ ಫಲವಲ್ಲ. ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಮಚ್ಚೆ ಐದರೊಳಗಿದ್ದರೆ ಸಾಧಾರಣವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಔಷಧ ಆರಂಭಿಸಿದ ಸ್ವಲ್ಪ ಕಾಲದಲ್ಲೇ ರೋಗ ಇತರರಿಗೆ ಹರಡುವುದು ನಿಲ್ಲುತ್ತದೆ. ರೋಗಿಯನ್ನು ಮನೆಯಿಂದಾಗಲಿ ಕೆಲಸದಿಂದಾಗಲಿ ಬಿಡಿಸಬೇಕಾಗಿಲ್ಲ. 2005ರ ಡಿಸೆಂಬರಿನಲ್ಲಿ ದೇಶದ ಮಟ್ಟದಲ್ಲಿ ರೋಗದ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಆದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ.

ಆದ್ದರಿಂದ ಸದಸ್ಯರು ತಮ್ಮ ಮನೆಯವರ ಜೊತೆಗೆ ಕೂಲಿಯವರನ್ನೂ ವಿಚಾರಿಸಬೇಕು. ಸಂದೇಹವಿದ್ದರೆ ಊರಿನ ಆಶಾ ಕಾರ್ಯಕರ್ತೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಗುಬ್ಬಿ ಇಲ್ಲವೆ ಕುಣಿಗಲ್ ತಾಲ್ಲೂಕು ಆಸ್ಪತ್ರೆ ಅಥವಾ ತುಮಕೂರು ಜಿಲ್ಲಾಸ್ಪತ್ರೆಗೆ ತೋರಿಸಿ. ತೋರಿಸಲು ಹೋದವರ ಒಂದು ದಿನದ ಕೂಲಿ ಮುರಿಯಬೇಡಿ ಎಂದು ನಮ್ಮ ವಿನಂತಿ.