ಹಳೆ ಡಿಎಸ್‌ಎಲ್‌ಆರೋ, ಜೇಬಿನ ಕ್ಯಾಮೆರಾವೋ? ಕೊಳ್ಳುವ ಮುನ್ನ ನೋಡಬೇಕಾದ ಸೂತ್ರಗಳು

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಚನ್ನಗಿರಿ ಕಡೆಯ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಸ್ಟುಡಿಯೋದವ್ರು ಹಳೆ ನಿಕಾನ್ ಕೊಡ್ತೀನಿ ಅಂತಿದಾರೆ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸೋನಿ ಆರ್‌ಎಕ್ಸ್100 ಸಿಗುತ್ತೆ. ಯಾವ್ದು ತಗಳ್ಲಿ?" ಒಂದು ಕಡೆ ಹತ್ತು ಹನ್ನೆರಡು ವರ್ಷ ದುಡಿದ ದಪ್ಪ ಕ್ಯಾಮೆರಾ, ಇನ್ನೊಂದು ಕಡೆ ಅಂಗಿ ಜೇಬಿಗೆ ಇಳಿಯುವ, ಆದರೆ ಒಳಗೆ ದೊಡ್ಡ ಸೆನ್ಸರ್ ಇರುವ ಪುಟ್ಟ ಕ್ಯಾಮೆರಾ. ಎರಡನ್ನೂ ವರ್ಷಗಟ್ಟಲೆ ಹೊತ್ತು ತಿರುಗಿದವನಾಗಿ ನನಗೆ ತಿಳಿದದ್ದನ್ನು ಇಲ್ಲಿ ಹೇಳಿದ್ದೇನೆ.

1. ಮೊದಲು ದೂರ ಅಳೆಯಿರಿ

ನೀವು ತೆಗೆಯಬೇಕೆಂದಿರುವುದು ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೆ? ಕಂಪನಿ, ಬೆಲೆ, ಮೆಗಾಪಿಕ್ಸೆಲ್ ಎಲ್ಲಕ್ಕೂ ಮೊದಲು ಇದನ್ನು ಕೇಳಿಕೊಳ್ಳಿ.

ದೀಪಾವಳಿ ಕಳೆದ ಮೇಲೆ ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಕೊಬ್ಬರಿ ಹಾರ, ಬಲೂನು ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗಿ ಬರುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ರಿಕೋ ಜಿಆರ್‌ನಂಥ, 28 ಮಿ.ಮೀ. ನೋಟದ ಕ್ಯಾಮೆರಾದಲ್ಲಿ ಆ ಹೋರಿ ಫ್ರೇಮು ತುಂಬಬೇಕಾದರೆ ನೀವು ಅದರ ಕೊಂಬಿನ ಮುಂದೆಯೇ ನಿಲ್ಲಬೇಕು. ದಯವಿಟ್ಟು ನಿಲ್ಲಬೇಡಿ. ಹಳೆ ಡಿಎಸ್‌ಎಲ್‌ಆರ್‌ಗೆ 70-300 ಲೆನ್ಸ್ ಹಾಕಿ, ಬೇಲಿಯಾಚೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು ತೆಗೆಯಿರಿ. ಓಡುವುದನ್ನು ಬೆನ್ನಟ್ಟಿ ಫೋಕಸ್ ಹಿಡಿಯುವ ಕೆಲಸದಲ್ಲಿ 2010ರ ನಿಕಾನ್ ಡಿ7000 ಇವತ್ತಿಗೂ ಅನೇಕ ಜೇಬಿನ ಕ್ಯಾಮೆರಾಗಳಿಗಿಂತ ಮುಂದಿದೆ.

ಜಗಳೂರಿನ ರಂಗಯ್ಯನದುರ್ಗ ಅಭಯಾರಣ್ಯಕ್ಕೂ ಇದೇ ಮಾತು. 2011ರಲ್ಲಿ ಘೋಷಣೆಯಾದ ಆ ಕುರುಚಲು ಕಾಡು ನಾಲ್ಕು ಕೊಂಬಿನ ಕೊಂಡುಕುರಿಯ ನೆಲೆ. ಸಣ್ಣ ಮೈ, ಬಹಳ ಅಂಜುಬುರುಕ ಪ್ರಾಣಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದರೂ ಅದು ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಸೆನ್ಸರಿನ (ಅಳತೆ 3ನೇ ಸೂತ್ರದಲ್ಲಿದೆ) ಮುಂದೆ 300 ಮಿ.ಮೀ. ಲೆನ್ಸ್ ಇಟ್ಟರೆ ಅದು 450ರಷ್ಟು ಎಳೆಯುತ್ತದೆ. ಜೇಬಿಗೆ ಹೋಗುವ ಆರ್‌ಎಕ್ಸ್100ರ ಏಳನೇ ಮಾಡೆಲ್ ಕೂಡ 200ಕ್ಕೆ ನಿಲ್ಲುತ್ತದೆ. ಸೂಳೆಕೆರೆಯ ನೀರುಹಕ್ಕಿಗಳ ವಿಷಯದಲ್ಲೂ ಅಷ್ಟೆ. ಆ ಕೆರೆಯ ಹರವಿನ ಮುಂದೆ 300 ಕೂಡ ಒಮ್ಮೊಮ್ಮೆ ಸಾಲದು. ಸಂಡೂರಿನ ಎಂ.ವೈ. ಘೋರ್ಪಡೆಯವರು ಇಂಥದೇ ಬಯಲುಸೀಮೆಯಲ್ಲಿ ಬೆಳೆದು ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳಿಗೆ ಹೆಸರಾದವರು. ಅವರ ಚಿತ್ರಗಳನ್ನು ಹುಡುಕಿ ನೋಡಿ. ದೂರ ಮತ್ತು ತಾಳ್ಮೆ ಎರಡರ ಬೆಲೆಯೂ ಗೊತ್ತಾಗುತ್ತದೆ.

2. ಹತ್ತಿರದ ಮುಖಗಳಿಗೆ ಚಿಕ್ಕ ಕ್ಯಾಮೆರಾ

ಈಗ ಸಂತೇಬೆನ್ನೂರಿಗೆ ಬನ್ನಿ. ಕೆಂಗ ಹನುಮಂತಪ್ಪ ನಾಯಕನ ಕಾಲದ ಪುಷ್ಕರಣಿ, ನಡುವೆ ಮಂಟಪ, ಸುತ್ತ ಮೆಟ್ಟಿಲ ಸಾಲು. ಇಲ್ಲಿ ಉದ್ದ ಲೆನ್ಸಿಗೆ ಕೆಲಸವೇ ಇಲ್ಲ. 28 ಮಿ.ಮೀ. ನೋಟ, ನೆರಳು ನೀರಿನ ಮೇಲೆ ಬೀಳುವ ಬೆಳಗಿನ ಹೊತ್ತು, ಇಷ್ಟಿದ್ದರೆ ಸಾಕು.

ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಬರುವ ಬಂಜಾರ ಹೆಣ್ಣುಮಕ್ಕಳ ಕನ್ನಡಿ ಕಸೂತಿ, ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರ ಬೆರಳು, ಮನೆಯ ಅಜ್ಜಿಯ ನಗು, ಇವೆಲ್ಲ ಎರಡು ಮೂರು ಅಡಿಯಿಂದ ತೆಗೆಯುವ ಚಿತ್ರಗಳು. ಕಪ್ಪು ದಪ್ಪ ಕ್ಯಾಮೆರಾ ಎತ್ತಿದ ಕೂಡಲೆ ನಮ್ಮ ಜನ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪಾಸ್‌ಪೋರ್ಟ್ ಫೋಟೋಕ್ಕೆ ಕೂತಂತೆ ಕೂತುಬಿಡುತ್ತಾರೆ. ಚಿಕ್ಕ ಕ್ಯಾಮೆರಾಕ್ಕೆ ಹಾಗಾಗುವುದಿಲ್ಲ. ಜಿಆರ್, ಫುಜಿ ಎಕ್ಸ್100, ಆರ್‌ಎಕ್ಸ್100 ಮೂರರಲ್ಲೂ ಶಟರ್ ಲೆನ್ಸಿನ ಒಳಗೇ ಇದೆ, ಡಿಎಸ್‌ಎಲ್‌ಆರ್‌ನಂತೆ ಒಳಗಿನ ಕನ್ನಡಿ ಎದ್ದು ಬೀಳುವ ಸದ್ದಿಲ್ಲ. ಪೂಜೆಯ ಹೊತ್ತು, ಮಗು ಮಲಗಿದ ಹೊತ್ತು, ಸಾವಿನ ಮನೆ, ಇಂಥ ಕಡೆ ಆ ಮೌನದ ಬೆಲೆ ದೊಡ್ಡದು. ಏನೇ ಇರಲಿ, ಕೇಳಿಯೇ ತೆಗೆಯಿರಿ. ತೆಗೆದ ಮೇಲೆ ತೋರಿಸಿ.

3. 'ಒಂದು ಇಂಚು' ಅಂದರೆ ಒಂದು ಇಂಚಲ್ಲ

ಒಂದು ಇಂಚಿನ ಸೆನ್ಸರ್ ಎಂದು ಕರೆಯುವುದರ ನಿಜವಾದ ಅಳತೆ 13.2 × 8.8 ಮಿ.ಮೀ. ನಿಕಾನ್ ಎಪಿಎಸ್-ಸಿ ಸುಮಾರು 23.6 × 15.6, ಕ್ಯಾನನ್‌ನದು ತುಸು ಚಿಕ್ಕದು. ಫುಲ್ ಫ್ರೇಮ್ 36 × 24. ವಿಸ್ತೀರ್ಣ ಲೆಕ್ಕ ಹಾಕಿದರೆ ನಿಕಾನ್ ಎಪಿಎಸ್-ಸಿ, ಒಂದು ಇಂಚಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಜಿಆರ್ ಮತ್ತು ಎಕ್ಸ್100ಗಳಲ್ಲಿ ಇರುವುದು ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಎಪಿಎಸ್-ಸಿ. ಹಾಗಾಗಿ 'ದೊಡ್ಡ ಸೆನ್ಸರಿನ ಕಾಂಪ್ಯಾಕ್ಟ್' ಎಂದು ಯಾರಾದರೂ ಮಾರಲು ಬಂದರೆ ಮಿ.ಮೀ. ಎಷ್ಟು ಎಂದು ಕೇಳಿ.

4. ಕತ್ತಲೆಯ ಲೆಕ್ಕವನ್ನು ಲೆನ್ಸ್ ಸೇರಿಸಿ ಮಾಡಿ

ಇಲ್ಲಿ ಎಡವುವವರು ಬಹಳ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಬೇಯಿಸುವ ಒಲೆಯ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಹಂಡೆಯಲ್ಲಿ ಚೊಗರು ಕುದಿಯುತ್ತಿದೆ, ಬೆಳಕೆಂದರೆ ಬೆಂಕಿ ಮತ್ತು ಒಂದು ಬಲ್ಬು. ಕೈಯಲ್ಲಿ ಹಳೆ ಡಿಎಸ್‌ಎಲ್‌ಆರ್, ಜೊತೆಗೆ ಬಂದ 18-55 ಕಿಟ್ ಲೆನ್ಸ್. ಅದರ ಬಾಯಿ ಅಗಲವಾಗಿ ತೆರೆದರೂ ಎಫ್ 3.5. ಪಕ್ಕದವರ ಕೈಯಲ್ಲಿ 2012ರ ಮೊದಲ ಆರ್‌ಎಕ್ಸ್100, ಅದು ಎಫ್ 1.8ರವರೆಗೆ ತೆರೆಯುತ್ತದೆ.

ಎಫ್ 1.8 ಒಳಬಿಡುವ ಬೆಳಕು ಎಫ್ 3.5ರದಕ್ಕಿಂತ ಸುಮಾರು ನಾಲ್ಕು ಪಟ್ಟು ಗಾಢ. ನಿಮ್ಮ ಸೆನ್ಸರ್ ಮೂರು ಪಟ್ಟು ದೊಡ್ಡದು. ಅಲ್ಲಿಗೆ ಎರಡೂ ಹೆಚ್ಚುಕಡಿಮೆ ಸಮ! ಅವರಿಗಿಂತ ಎಷ್ಟೋ ಪಟ್ಟು ಭಾರ ಹೊತ್ತ ನಿಮಗೆ ರಾತ್ರಿಯಲ್ಲಿ ಏನೂ ಲಾಭವಿಲ್ಲ.

ಆದರೆ ಅದೇ ಕ್ಯಾಮೆರಾಕ್ಕೆ ಎಫ್ 1.8ರ 35 ಅಥವಾ 50 ಮಿ.ಮೀ. ಲೆನ್ಸ್ ಹಾಕಿ ನೋಡಿ, ತಕ್ಕಡಿ ಒಮ್ಮೆಗೇ ನಿಮ್ಮ ಕಡೆ ವಾಲುತ್ತದೆ. ಆರ್‌ಎಕ್ಸ್100 ಝೂಮ್ ಮಾಡುತ್ತ ಹೋದಂತೆ ಅದರ ಬಾಯಿ ಕಿರಿದಾಗಿ ಎಫ್ 4.9ಕ್ಕೆ ಇಳಿಯುವುದರಿಂದ ಮುಖ ಹತ್ತಿರ ಎಳೆಯುವ ಚಿತ್ರಗಳಲ್ಲಿ ಅಂತರ ಇನ್ನೂ ಹೆಚ್ಚುತ್ತದೆ. ಕಿಟ್ ಲೆನ್ಸಿನಲ್ಲೇ ನಿಲ್ಲುವವರು ಡಿಎಸ್‌ಎಲ್‌ಆರ್ ಕೊಳ್ಳುವುದು ರಾತ್ರಿ ಚಿತ್ರಗಳಿಗೆ ವ್ಯರ್ಥ. ಲೆನ್ಸಿಗೂ ದುಡ್ಡು ತೆಗೆದಿಟ್ಟವರಿಗೆ ಅದು ಒಳ್ಳೆಯ ಆಯ್ಕೆ. ಇನ್ನೊಂದು ವಿಷಯ: ಹಂಡೆಯ ಹಬೆಯಿಂದ ಲೆನ್ಸ್ ಮಂಜಾಗುತ್ತದೆ, ತೆಳುವಾದ ಹತ್ತಿಬಟ್ಟೆ ಜೇಬಿನಲ್ಲಿರಲಿ.

5. ಮೆಗಾಪಿಕ್ಸೆಲ್ ಮರೆಯಿರಿ

2008ರ ನಿಕಾನ್ ಡಿ90 ಕೊಡುವುದು 12 ಮೆಗಾಪಿಕ್ಸೆಲ್. ಅದರಿಂದ 12 × 8 ಇಂಚಿನ ಪ್ರಿಂಟ್ ಚೊಕ್ಕಟವಾಗಿ ಬರುತ್ತದೆ. ಗೋಡೆಗೆ ಹಾಕಲು ಅಷ್ಟು ಸಾಕು.

6. ಮನೆಯ ಕಪಾಟು ನೋಡಿ, ಆಮೇಲೆ ಬಾಡಿ ಆರಿಸಿ

ನಿಮ್ಮ ಮಾವನದೋ ಚಿಕ್ಕಪ್ಪನದೋ ರೀಲ್ ಕಾಲದ ನಿಕಾನ್ ಲೆನ್ಸ್ ಇದ್ದರೆ ಅದೇ ಭಾಗ್ಯ. ನಿಕಾನ್ ಎಫ್ ಮೌಂಟ್ 1959ರಿಂದ ನಡೆದು ಬಂದಿದೆ. ಆದರೆ ಹಳೆಯ ಆಟೋಫೋಕಸ್ ಲೆನ್ಸ್‌ಗಳಲ್ಲಿ ಮೋಟಾರ್ ಇಲ್ಲ, ಅದು ಬಾಡಿಯಲ್ಲಿರಬೇಕು. ಡಿ90, ಡಿ7000ದಲ್ಲಿ ಇದೆ. ಡಿ3200, ಡಿ5300ದಲ್ಲಿ ಇಲ್ಲ, ಅವುಗಳಲ್ಲಿ ಕೈಯಿಂದಲೇ ಫೋಕಸ್ ತಿರುಗಿಸಬೇಕು. 1977ಕ್ಕೂ ಹಿಂದಿನ, ತಿದ್ದುಪಡಿ ಮಾಡಿಸದ ಲೆನ್ಸ್‌ಗಳನ್ನು ಡಿ90ಕ್ಕೆ ಒತ್ತಿ ಹಾಕಬೇಡಿ, ಬಾಡಿಯ ಬಾಯಿಯಲ್ಲಿರುವ ಕೊಂಡಿ ಮುರಿದೀತು. ಕ್ಯಾನನ್ ಇಎಫ್ ಲೆನ್ಸ್‌ಗಳಲ್ಲಿ 1987ರಿಂದಲೂ ಮೋಟಾರ್ ಲೆನ್ಸಿನೊಳಗೇ ಇರುವುದರಿಂದ ಈ ತಲೆನೋವಿಲ್ಲ. ಅದಕ್ಕೂ ಹಿಂದಿನ ಎಫ್‌ಡಿ ಲೆನ್ಸ್‌ಗಳು ಮಾತ್ರ ಕೂರುವುದಿಲ್ಲ.

ಕಾರ್ಡನ್ನೂ ನೋಡಿ. ನಿಕಾನ್ ಡಿ700, ಕ್ಯಾನನ್ 5ಡಿಯ ಎರಡನೇ ಮಾಡೆಲ್ ಬೇಡುವುದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು. ತಾಲ್ಲೂಕು ಊರಿನ ಮೊಬೈಲ್ ಅಂಗಡಿಯಲ್ಲಿ ಅದನ್ನಾಗಲಿ ಅದರ ರೀಡರನ್ನಾಗಲಿ ನಿರೀಕ್ಷಿಸಬೇಡಿ. ಮಾರುವವರ ಹತ್ತಿರವೇ ಎರಡನ್ನೂ ಕೇಳಿ ಪಡೆಯಿರಿ.

7. ಜಗಳೂರಿನ ಧೂಳಿಗೆ ಉತ್ತರ ಇರಲಿ

ಜೇಬಿನ ಕ್ಯಾಮೆರಾದ ಲೆನ್ಸ್ ಆನ್ ಮಾಡಿದಾಗ ಹೊರಗೆ ಬಂದು ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಹೊರಗಿನ ಗಾಳಿಯ ಜೊತೆ ಧೂಳೂ ಒಳಗೆ ಹೋಗುತ್ತದೆ. ಒಮ್ಮೆ ಸೆನ್ಸರ್ ಮೇಲೆ ಕೂತರೆ ಬಿಚ್ಚದೆ ತೆಗೆಯಲಾಗದು. ಡಿಎಸ್‌ಎಲ್‌ಆರ್‌ಗೂ ಧೂಳು ಹೊಗುತ್ತದೆ, ಲೆನ್ಸ್ ಬದಲಿಸುವಾಗ. ಆದರೆ ಕನ್ನಡಿ ಎತ್ತಿಟ್ಟು ರಬ್ಬರ್ ಬ್ಲೋವರಿನಿಂದ ಮನೆಯಲ್ಲೇ ಊದಬಹುದು. ಬಯಲಿನ ಗಾಳಿಯಲ್ಲಿ ದಿನವೂ ತೆಗೆಯುವವರಿಗೆ ಈ ಒಂದು ಕಾರಣ ಸಾಕು ಡಿಎಸ್‌ಎಲ್‌ಆರ್ ಕಡೆ ಹೋಗಲು. ಕಾಂಪ್ಯಾಕ್ಟೇ ಬೇಕೆಂದವರು ಅದನ್ನು ಬರಿ ಜೇಬಿನಲ್ಲಿ ಇಡಲೇಬೇಡಿ, ಜಿಪ್ ಇರುವ ಚೀಲದಲ್ಲಿಡಿ.

8. ಚನ್ನಗಿರಿಯ ಮಳೆಗೂ ಉತ್ತರ ಇರಲಿ

ಜಗಳೂರಿನಲ್ಲಿ ಧೂಳು, ಅಡಿಕೆ ತೋಟದ ಕಡೆ ತೇವ. ಮಳೆಗಾಲದಲ್ಲಿ ಬೀರುವಿನಲ್ಲಿ ಬಟ್ಟೆಯ ಜೊತೆ ಇಟ್ಟ ಲೆನ್ಸಿಗೆ ಜೇಡರ ಬಲೆಯಂತೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟೆ ಖರ್ಚು. ಚರ್ಮದ ಹಳೆ ಚೀಲದಲ್ಲಿ ಮಾತ್ರ ತಿಂಗಳುಗಟ್ಟಲೆ ಇಡಬೇಡಿ.

9. ಬಿಸಿಲಿನಲ್ಲಿ ನಿಂತು ಕೊಳ್ಳಿ

ಅಂಗಡಿಯ ನೆರಳಿನಲ್ಲಿ ಎಲ್ಲ ಸ್ಕ್ರೀನೂ ಚೆನ್ನಾಗಿ ಕಾಣುತ್ತದೆ. ಮಾರ್ಚ್ ಮಧ್ಯಾಹ್ನ ಹೊರಗೆ ತನ್ನಿ. ಜಿಆರ್‌ಗೆ, ಮೊದಲೆರಡು ಆರ್‌ಎಕ್ಸ್100ಗಳಿಗೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಆರ್‌ಎಕ್ಸ್100ಕ್ಕೆ ಅದು 2014ರ ಮೂರನೇ ಮಾಡೆಲ್‌ನಿಂದ ಬಂತು. ಡಿಎಸ್‌ಎಲ್‌ಆರ್‌ನ ಗಾಜಿನ ಕಿಂಡಿ ಎಂಥ ಬಿಸಿಲಿಗೂ ಜಗ್ಗದು. ಬಿಸಿಲಿನಲ್ಲಿ ಕಾಂಪ್ಯಾಕ್ಟಿಗೂ ಒಂದು ಬಲ ಇದೆ. ಡಿಎಸ್‌ಎಲ್‌ಆರ್ ಜೊತೆ ಫ್ಲ್ಯಾಶ್ ಸಾಮಾನ್ಯವಾಗಿ 1/200, 1/250 ಸೆಕೆಂಡಿಗೆ ಸಿಕ್ಕಿಬೀಳುತ್ತದೆ. ಲೆನ್ಸಿನೊಳಗೆ ಶಟರ್ ಇರುವ ಕಾಂಪ್ಯಾಕ್ಟಿಗೆ ಆ ಕಟ್ಟಿಲ್ಲ. ನಡುಮಧ್ಯಾಹ್ನ ಪೇಟದ ನೆರಳು ಬಿದ್ದ ಮುಖಕ್ಕೆ ಸ್ವಲ್ಪ ಫ್ಲ್ಯಾಶ್ ಕೊಡುವುದು ಅದರಲ್ಲಿ ಸುಲಭ.

10. ಬ್ಯಾಟರಿ

ಕಂಪನಿಗಳೇ ಹೇಳುವ ಲೆಕ್ಕ: ಡಿ7000 ಒಂದು ಚಾರ್ಜಿಗೆ ಸುಮಾರು 1050 ಚಿತ್ರ, ಡಿ90 850, ಮೊದಲ ಆರ್‌ಎಕ್ಸ್100 330, 2019ರ ಜಿಆರ್‌ನ ಮೂರನೇ ಮಾಡೆಲ್ ಬರೀ 200. ಜಾತ್ರೆಗೆ ಜಿಆರ್ ಒಯ್ಯುವವರು ಮೂರು ಬ್ಯಾಟರಿ ಒಯ್ಯಿರಿ.

11. ದುಡಿಯಲು ಬೇಕೋ, ನೆನಪಿಗೆ ಬೇಕೋ?

ಮದುವೆ, ನಾಮಕರಣ, ಗೃಹಪ್ರವೇಶ ಒಪ್ಪಿಕೊಳ್ಳುವವರು ಬೇರೆ ಯೋಚನೆ ಮಾಡಲೇಬೇಡಿ, ಡಿಎಸ್‌ಎಲ್‌ಆರ್ ತೆಗೆದುಕೊಳ್ಳಿ. ಡಿ7000ದಂತೆ ಎರಡು ಕಾರ್ಡು ಹಿಡಿಯುವುದಾದರೆ ಇನ್ನೂ ಒಳ್ಳೆಯದು, ಧಾರೆ ಮುಹೂರ್ತ ಎರಡನೇ ಸಲ ಬರುವುದಿಲ್ಲ. ವಿಡಿಯೋ ಮುಖ್ಯವಾದರೆ ತೀರಾ ಹಳೆಯದು ಬೇಡ. ಡಿ90 ವಿಡಿಯೋ ತೆಗೆದ ಮೊದಲ ಡಿಎಸ್‌ಎಲ್‌ಆರ್ ನಿಜ, ಆದರೆ ಅದು 720 ಗೆರೆಯ ವಿಡಿಯೋ, ಒಂದು ತುಣುಕು ಐದು ನಿಮಿಷ ದಾಟದು. ಇವತ್ತಿನ ಫೋನೇ ಅದಕ್ಕಿಂತ ಮೇಲು.

12. ಕೊಳ್ಳುವ ದಿನ ಇಷ್ಟು ಮಾಡದೆ ದುಡ್ಡು ಕೊಡಬೇಡಿ

ನಾನೊಮ್ಮೆ ಅವಸರಪಟ್ಟು ಸಂಜೆ ಹೊತ್ತಿನಲ್ಲಿ ಒಂದು ಲೆನ್ಸ್ ಕೊಂಡೆ. ಮರುದಿನ ಬೆಳಕಿಗೆ ಹಿಡಿದರೆ ಒಳಗೆಲ್ಲ ಫಂಗಸ್. ಅವತ್ತಿನಿಂದ ಟಾರ್ಚ್ ಇಲ್ಲದೆ ಹೋಗುವುದಿಲ್ಲ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬಾಡಿಯ ಪರೀಕ್ಷೆಗೆ ಎಫ್ 16 ಇಟ್ಟು ಖಾಲಿ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ, ಸೆನ್ಸರಿನ ಕಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆರ್‌ಎಕ್ಸ್100ಕ್ಕಾದರೆ ಎಫ್ 11, ಜೊತೆಗೆ ಝೂಮನ್ನು ಹತ್ತು ಸಲ ಮುಂದೆ ಹಿಂದೆ ಓಡಿಸಿ, ತಡವರಿಸಿದರೆ ಬಿಡಿ. ಬ್ಯಾಟರಿ ಉಬ್ಬಿದೆಯೇ, ಚಾರ್ಜರ್ ಕಂಪನಿಯದೇ ನೋಡಿ.

ಎಷ್ಟು ಕ್ಲಿಕ್ ಆಗಿದೆ ಎಂದು ಬಾಯಲ್ಲಿ ಕೇಳಿ ನಂಬಬೇಡಿ. ನಿಕಾನ್‌ನಲ್ಲಿ ಪ್ರತಿ ಚಿತ್ರದ ಒಳಮಾಹಿತಿಯಲ್ಲೇ ಶಟರ್ ಸಂಖ್ಯೆ ಇರುತ್ತದೆ, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಓದಿ ಹೇಳುತ್ತದೆ. ಡಿ90ರ ಶಟರನ್ನು 1 ಲಕ್ಷ, ಡಿ7000ದ್ದನ್ನು 1.5 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಲಾಗಿದೆ. ಮದುವೆ ಸ್ಟುಡಿಯೋದಲ್ಲಿ ದುಡಿದ ಬಾಡಿ ಆ ಗಡಿಯ ಹತ್ತಿರವಿದ್ದರೆ ಬೆಲೆ ಇಳಿಸಿ ಕೇಳಿ. ನಿಕಾನ್, ಕ್ಯಾನನ್ ಎರಡೂ 2020ರ ಈಚೆಗೆ ಹೊಸ ಡಿಎಸ್‌ಎಲ್‌ಆರ್ ಮಾಡೆಲ್ ತಂದಿಲ್ಲ ಎಂಬುದೂ ಚೌಕಾಸಿಯಲ್ಲಿ ನಿಮ್ಮ ಕಡೆಗಿರುವ ಮಾತು. ಎಕ್ಸ್100ರ ಹೊಸ ಮಾಡೆಲ್ ಲಕ್ಷ ರೂಪಾಯಿ ದಾಟುತ್ತದೆ. ಆ ದುಡ್ಡಿಗೆ ಹಳೆ ಬಾಡಿ, ಉದ್ದದ ಲೆನ್ಸ್, ಎಫ್ 1.8 ಮೂರೂ ಬಂದು ಉಳಿಯುತ್ತದೆ.

13. ನನ್ನ ತೀರ್ಪು

ಹೋರಿ, ಹಕ್ಕಿ, ಕೊಂಡುಕುರಿ, ಮದುವೆ, ಈ ನಾಲ್ಕರಲ್ಲಿ ಒಂದಾದರೂ ನಿಮ್ಮ ಪಟ್ಟಿಯಲ್ಲಿದ್ದರೆ ಡಿ7000, ಜೊತೆಗೆ 35 ಮಿ.ಮೀ. ಎಫ್ 1.8 ಮತ್ತು 70-300. ಒಂದೂ ಇಲ್ಲದಿದ್ದರೆ, ಮನೆ, ತೋಟ, ಸಂತೆ, ಜಾತ್ರೆಯ ಮುಖಗಳೇ ನಿಮಗೆ ಬೇಕಾದರೆ, ಎಪಿಎಸ್-ಸಿ ಸೆನ್ಸರಿನ ಹಳೆ ಜಿಆರ್. ಅದಕ್ಕೂ ದುಡ್ಡು ಸಾಲದಿದ್ದರೆ ಮೊದಲ ಆರ್‌ಎಕ್ಸ್100. ಯಾವುದೇ ಕೊಂಡರೂ ಈ ವರ್ಷ ಊರಿನ ಹತ್ತು ಜನ ಹಿರಿಯರ ಚಿತ್ರ ತೆಗೆದು, ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ದಿನಾಂಕ ಬರೆದು ಅವರ ಕೈಗೇ ಕೊಟ್ಟು ಬನ್ನಿ.